ಹಿರೇಗುಂಟನೂರಿನ ಜತೆ ಸವಾರ

ಬಾಡಿಗೆ ಮನೆಗೆ ಬಂದ ಮೂರನೆಯ ದಿನ ಬೆಳಿಗ್ಗೆ ಬಾಗಿಲು ತೆರೆದರೆ ಮೆಟ್ಟಿಲ ಮೇಲೆ ಮೂತಿ ಚಾಚಿಕೊಂಡು ಒಂದು ಕುದುರೆ ನಿಂತಿತ್ತು. ಅದರ ಹಗ್ಗ ಹಿಡಿದವರು ಅರವತ್ತು ದಾಟಿದ ಮನುಷ್ಯ, ಹಣೆ ತುಂಬ ವಿಭೂತಿ. "ನೀವು ಕುದುರೆ ಹತ್ತೀರಂತೆ. ಬರ್ರಿ ಮೇಡಮ್ನೋರೆ, ಒಂದ್ ರೌಂಡ್ ಹೋಗಾಣ" ಅಂದರು. ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ. ಇವರಿಗೆ ನನ್ನಿಂದ ಏನೋ ಆಗಬೇಕಾಗಿದೆ ಅಂತಲೇ ನನಗೆ ಮೊದಲು ಅನಿಸಿದ್ದು.

ನಮ್ಮ ಕುಂದಾಪುರದ ಕಡೆ ದೋಣಿ ಹಾಗಿರಲಿ, ಹೊಸಬರಿಗೆ ಸೈಕಲ್ ಕೊಡಬೇಕಾದರೂ ಯಾವ ಊರು, ಯಾರ ಮನೆ ಅಂತ ನಾಲ್ಕು ಮಾತು ಕೇಳುತ್ತಾರೆ. ಕೇಳಿದರೇ ನೆಮ್ಮದಿ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಲು ಚಿತ್ರದುರ್ಗದ ಈ ಹಿರೇಗುಂಟನೂರಿಗೆ ವರ್ಗವಾಗಿ ಬಂದ ನನಗೆ, ಏನೂ ಕೇಳದೆ ಕೊಡುವವರನ್ನು ಕಂಡರೆ ಭಯ. ಮೀನು ಬೇಯಿಸಬಾರದೆಂಬ ಕರಾರಿನ ಮೇಲೆ ಮನೆ ಸಿಕ್ಕಿತ್ತು. ಅದು ಅರ್ಥವಾಗುವ ಮಾತು. ಆದರೆ ಮನೆಯೊಡತಿ ಗಂಗಮ್ಮ ಸಂಜೆಯಾದರೆ ಒಗ್ಗರಣೆ ಮಂಡಕ್ಕಿ ತಂದಿಟ್ಟು "ತಿನ್ರಿ, ಒಬ್ರೇ ಇರ್ತೀರಿ" ಎನ್ನುವುದು ಯಾಕೆ? ಮಂಡಕ್ಕಿ ಅಂದರೆ ನಾವು ಚರುಮುರಿಗೆ ಹಾಕುತ್ತೇವಲ್ಲ, ಅದೇ. ತಟ್ಟೆ ವಾಪಸ್ ಕೊಡಲು ಹೋದಾಗ ಒಳಗೆ ಕೂರಿಸಿ ಬಾಯಿ ಬಿಡಿಸುವ ಉಪಾಯ ಇರಬೇಕು ಅಂದುಕೊಂಡೆ. ಕೂರಿಸಿದ್ದು ನಿಜ. ಮೀನಿಲ್ಲದೆ ಊಟ ಹೆಂಗೆ ಸೇರುತ್ತೆ ಅಂತ ಕೇಳಿದರು, ಅಷ್ಟೇ.

ಓದುವಾಗ ಎನ್‌ಸಿಸಿಯಲ್ಲಿ ಕುದುರೆ ಸವಾರಿ ಕಲಿತಿದ್ದೆ ಎಂದು ಸ್ಟಾಫ್ ರೂಮಿನಲ್ಲಿ ಹೇಳಿದ್ದೆ. ಆ ಸುದ್ದಿ ಈರುಳ್ಳಿ ಬೆಳೆಯುವ ಗುರುಸಿದ್ದಪ್ಪನವರ ಕಿವಿಗೆ ಬಿದ್ದು, ಅವರು ಕುದುರೆ ಸಮೇತ ಬಂದಿದ್ದರು. ಸುತ್ತಲ ಊರುಗಳ ಹತ್ತು ಹನ್ನೆರಡು ಜನ ಸೇರಿ ದೂರದ ಸವಾರಿ ಮಾಡುತ್ತಾರೆ. ಭರಮಸಾಗರದ ಕೆರೆ ಏರಿ ಮುಟ್ಟಿ ವಾಪಸ್ ಬಂದರೆ ನಲವತ್ತು ಕಿಲೋಮೀಟರ್. ಯಾರು ಮೊದಲು ಬಂದರು ಅಂತ ಯಾರೂ ಕೇಳುವುದಿಲ್ಲ. ಬಂದ ಅರ್ಧ ಗಂಟೆಯೊಳಗೆ ಕುದುರೆಯ ಎದೆಬಡಿತ ನಿಮಿಷಕ್ಕೆ ಅರವತ್ತನಾಲ್ಕಕ್ಕೆ ಇಳಿಯಬೇಕು. ಇಳಿಯದಿದ್ದರೆ ಸವಾರಿ ಮುಗಿಸಿದ ಲೆಕ್ಕವಲ್ಲ.

ಆ ವರ್ಷ ಎರಡು ಸವಾರಿ ಮುಗಿಸಿದವರಿಗೆ ಮಾತ್ರ ಚಳಿಗಾಲದ ಎಂಬತ್ತು ಕಿಲೋಮೀಟರಿಗೆ ಹೋಗಲು ಅವಕಾಶ. ಗುರುಸಿದ್ದಪ್ಪನವರು ಒಂದು ಮುಗಿಸಿದ್ದರು, ಇನ್ನೊಂದು ಬಾಕಿ ಇತ್ತು. ಅವರ ಕುದುರೆ ಚೆನ್ನಿಗೆ ವಯಸ್ಸಾಗುತ್ತಿತ್ತು, ಮುಂದಿನ ವರ್ಷ ಅಷ್ಟು ದೂರ ಅದರ ಕೈಲಾಗದು. ಚಳಿಗಾಲಕ್ಕೆ ಮುಂಚೆ ಉಳಿದದ್ದು ಎರಡೇ ಸವಾರಿ. ಇಷ್ಟು ಗರಜಿದ್ದವರು ಮೊದಲನೆಯದಕ್ಕೇ ತಮ್ಮ ಎರಡನೇ ಕುದುರೆ ನನಗೆ ಕೊಟ್ಟು ಜತೆ ಸವಾರರಾಗಿ ನಿಂತರು. ಹೊಸಬರ ಪಕ್ಕದಲ್ಲೇ ಕೊನೆತನಕ ಇರುವ ಹಳಬರಿಗೆ ಇಲ್ಲಿ ಜತೆ ಸವಾರ ಅನ್ನುತ್ತಾರೆ. ನನಗಂತೂ ನಂಬಿಕೆ ಬರಲಿಲ್ಲ. ಹೊಸಬಳ ಪಕ್ಕದಲ್ಲಿ ತಾವು ಎದ್ದು ಕಾಣಬೇಕೆಂಬ ಆಸೆ ಇರಬೇಕು ಅಂದುಕೊಂಡೆ.

ಅವತ್ತು ಎರಡು ಕಿಲೋಮೀಟರ್ ಉಳಿದಾಗ ಅವರು ಗಡಿಯಾರ ನೋಡಿಕೊಂಡು ಇಳಿದರು. "ಇಳೀರಿ, ಇಲ್ಲಿಂದ ನಡೆಸ್ಕಂಡು ಹೋಗಾಣ. ದಮ್ಮು ಜಾಸ್ತಿ ಆಗೈತೆ" ಅಂದರು. ನನ್ನ ಕುದುರೆ ಚೆನ್ನಾಗಿಯೇ ಇತ್ತು, ಹಾಗಂತ ನನಗೆ ಕಂಡಿತ್ತು. ಇವರು ನನ್ನನ್ನು ಇಳಿಸಿ, ಆಮೇಲೆ ತಾವು ಹತ್ತಿ ಮುಂದೆ ಹೋಗುತ್ತಾರೆ. ಗಡಿಯಾರ ನೋಡಿದ್ದು ಅದಕ್ಕೇ. ನಾನು ಇಳಿಯಲಿಲ್ಲ. ಓಡಿಸಿಕೊಂಡೇ ಬಂದೆ.

ಬಂದು ಬೀಗುತ್ತಾ ನಿಂತೆ. ಬಡಿತ ಎಣಿಸಲು ಕಾದಿದ್ದ ಪಶುವೈದ್ಯರು ಕುದುರೆಯ ಎದೆಗೆ ಸ್ಟೆತಾಸ್ಕೋಪ್ ಇಟ್ಟರು. ಎಪ್ಪತ್ತೆಂಟು. ನೀರು ಸುರಿದೆವು, ನೆರಳಿಗೆ ಕಟ್ಟಿದೆವು. ಅರ್ಧ ಗಂಟೆಗೆ ಅರವತ್ತೆಂಟು. "ಆಗಲ್ಲ ಮೇಡಂ" ಅಂದರು. ಅಷ್ಟರಲ್ಲಿ ಗುರುಸಿದ್ದಪ್ಪನವರು ಚೆನ್ನಿಯನ್ನು ನಡೆಸಿಕೊಂಡು ಬಂದಿದ್ದರು. ಅದರದ್ದು ಐವತ್ತಾರು. ಅವರು ವೈದ್ಯರಿಗೆ ಮೆಲ್ಲಗೆ, "ನಂದೂ ಆಗಿಲ್ಲ ಅಂತ ಬರ್ಕಳ್ರಿ" ಅಂದರು.

ಹೊಸಬರು ಮುಗಿಸದಿದ್ದರೆ ಜತೆ ಸವಾರರೂ ಮುಗಿಸಿದ ಹಾಗಲ್ಲ. ಈ ನೇಮವನ್ನು ಹೊಸಬರಿಗೆ ಮಾತ್ರ ಯಾರೂ ಹೇಳುವುದಿಲ್ಲವಂತೆ. ವೈದ್ಯರ ಬಾಯಿಂದ ಕೇಳಿ ನಾಚಿಕೆಯಿಂದ ಕುಗ್ಗಿಹೋದೆ. ಆ ನಾಚಿಕೆಯಲ್ಲೂ ಸಿಟ್ಟು ಬಂತು.

"ಯಾಕೆ ಹೇಳಲಿಲ್ಲ ಯಜಮಾನ್ರೇ?"

"ಹೇಳಿದ್ರೆ ನನ್ ಮುಖ ನೋಡ್ಕಂಡು ಓಡಿಸ್ತಿದ್ರಿ. ಕುದುರೆ ಮುಖ ನೋಡ್ಬೇಕು" ಅಂದು ನನ್ನ ಕೈಗೆ ಇನ್ನೊಂದು ಬಕೆಟ್ ನೀರು ಕೊಟ್ಟರು. ಅವರ ಮುಖದಲ್ಲಿ ಬೇಸರವಿತ್ತು, ಮುಚ್ಚಿಡಲೂ ಇಲ್ಲ. ಆ ವಾರವೆಲ್ಲ ನನಗೆ ಅನ್ನ ಸೇರಲಿಲ್ಲ.

ಉಳಿದದ್ದು ಒಂದೇ ಸವಾರಿ, ಕೊನೆಯದು. ಅದಕ್ಕೂ ಅವರು ನನ್ನ ಬಾಗಿಲಿಗೇ ಬಂದರು. "ಬೇಡ, ಈ ಸಲ ಒಬ್ಬರೇ ಹೋಗಿ ಮುಗಿಸಿಬನ್ನಿ" ಎಂದು ಬೇಡಿಕೊಂಡೆ. "ನೀವಿನ್ನೂ ಮುಗಿಸಿಲ್ವಲ್ಲ, ಇನ್ನೂ ಹೊಸಬ್ರೇ" ಅಂದು ಹಗ್ಗ ಕೈಗಿತ್ತರು.

ಸುಳ್ಳು ಯಾಕೆ ಹೇಳಲಿ, ಬುದ್ಧಿ ಪೂರ್ತಿ ಬಂದಿರಲಿಲ್ಲ. ಕೊನೆಯ ಎರಡು ಕಿಲೋಮೀಟರಿನಲ್ಲಿ ಅವರು "ಇಳೀರಿ" ಅಂದಾಗ, ಅವರ ಎರಡೂ ಕಾಲು ನೆಲಕ್ಕೆ ತಾಗಿವೆಯೇ ಎಂದು ನೋಡಿಯೇ ನಾನು ಇಳಿದದ್ದು. ಅವರು ಅದನ್ನು ಕಂಡು ನಕ್ಕರು. ಎಲ್ಲರಿಗಿಂತ ಹಿಂದೆ, ನಾವಿಬ್ಬರು, ಕುದುರೆ ಎರಡು, ನಾಲ್ವರೂ ನಡೆದು ಬಂದೆವು. ನನ್ನ ಕುದುರೆ ಅರವತ್ತು, ಚೆನ್ನಿ ಐವತ್ತೆಂಟು. ಗುರುಸಿದ್ದಪ್ಪನವರು ಟವೆಲಿನಿಂದ ಮುಖ ಒರೆಸಿಕೊಂಡರು, ಒರೆಸಿಕೊಳ್ಳುತ್ತಲೇ ಇದ್ದರು.

ಸಂಜೆ ಅಮ್ಮ ಫೋನು ಮಾಡಿ, "ಊರಿಗ್ ಯಾವಾಗ್ ಬಪ್ಪುದ್?" ಎಂದು ಕೇಳಿದಳು. ರಜೆ ಹತ್ತಿರವಿತ್ತು. ಮನೆಯ ಮೀನು ಸಾರು ನೆನೆದು ಬಾಯಲ್ಲಿ ನೀರೂರಿತು. ಆದರೂ, "ಈ ರಜೆಗೆ ಆಗಲ್ಲಮ್ಮ. ನಮ್ಮೋರದು ಎಂಬತ್ತು ಕಿಲೋಮೀಟರ್ ಐತೆ" ಎಂದೆ.

"ನಮ್ಮೋರ್ ಅಂದ್ರ್ ಯಾರ್?" ಎಂದಳು ಅಮ್ಮ. ಆ ದನಿಯಲ್ಲಿದ್ದ ಅನುಮಾನ ನನಗೆ ಚೆನ್ನಾಗಿ ಗೊತ್ತು. ಅದನ್ನು ಅವಳಿಂದಲೇ ಕಲಿತು ಬಂದವಳು ನಾನು. ಈಗ ಅದು ನನ್ನ ಮೇಲೇ ತಿರುಗಿತ್ತು.