ಕೊಂಕು ಬಾಲದ ವಂಶ

ಹಿಡಿದ ನಾಯಿಯನ್ನು ಹಿಡಿದ ಜಾಗದಲ್ಲೇ ಬಿಡಬೇಕು. ಬಲೆಯಣ್ಣನ ಕೆಲಸದಲ್ಲಿ ಇದಕ್ಕಿಂತ ದೊಡ್ಡ ನಿಯಮವಿಲ್ಲ. ನಗರಸಭೆಯ ಗಾಡಿಯಲ್ಲಿ ಬೆಳಿಗ್ಗೆ ಹೊರಟು, ಬಲೆ ಬೀಸಿ ಬೀದಿನಾಯಿಗಳನ್ನು ಹಿಡಿದು, ಮರಿಯಾಗದ ಹಾಗೆ ಆಪರೇಷನ್ ಮಾಡಿಸಲು ಪ್ರಾಣಿಗಳ ಆಸ್ಪತ್ರೆಗೆ ಒಪ್ಪಿಸುತ್ತಾನೆ. ಗುರುತಿಗೆಂದು ಎಡಗಿವಿಯ ತುದಿಯನ್ನು ಒಂದಿಷ್ಟು ಕತ್ತರಿಸಿರುತ್ತಾರೆ. ಗಾಯ ಮಾಗಿದ ಮೇಲೆ ಆ ನಾಯಿಯನ್ನು ಮತ್ತೆ ಅದೇ ಕಂಬದ ಬುಡದಲ್ಲಿ, ಅದೇ ಅಂಗಡಿಯ ಮೆಟ್ಟಿಲ ಮುಂದೆ ಇಳಿಸುತ್ತಾನೆ.

"ಪೀಡೆ ತೊಲಗ್ತು ಅಂದ್ಕೊಂಡ್ರೆ ವಾಪಸ್ ತಂದ್ಯಲ್ಲೋ ಮಾರಾಯ!" ಎಂದು ಬೀದಿಯವರು ರೇಗುತ್ತಾರೆ.

"ತವರಿಗೆ ಹೋಗಿತ್ತು, ಗಂಡನ ಮನೆಗೆ ಬಂದಿದೆ. ಚೆನ್ನಾಗಿ ನೋಡ್ಕೊಳ್ಳಿ," ಎನ್ನುತ್ತಾನೆ ಅವನು.

ಆ ನಿಯಮದ ಹಿಂದೆ ಅವನ ಚಿಕ್ಕಪ್ಪನ ಇಡೀ ಜೀವಮಾನವಿದೆ. ಚಿಕ್ಕಪ್ಪನದೂ ಇದೇ ಗಾಡಿ, ಇದೇ ಬೀದಿಗಳು. ಆದರೆ ಕೈಯಲ್ಲಿ ಬಲೆಯ ಬದಲು ಉದ್ದ ಹಿಡಿಕೆಯ ಕಬ್ಬಿಣದ ಇಕ್ಕಳ. ಅವರು ಹಿಡಿದದ್ದು ಯಾವುದೂ ಜೀವಂತ ಮರಳುತ್ತಿರಲಿಲ್ಲ. ಒಂದು ಬೀದಿ ಖಾಲಿಯಾದರೆ ಕೆಲವೇ ತಿಂಗಳಲ್ಲಿ ಪಕ್ಕದ ಬೀದಿಯವು ಬಂದು ಸೇರಿಕೊಳ್ಳುತ್ತಿದ್ದವು. ನಾಯಿ ಹೋದರೂ ಕಸದ ಗುಡ್ಡೆ ಅಲ್ಲೇ ಇತ್ತಲ್ಲ. ತಿನ್ನುವ ಬಾಯಿ ಕಡಿಮೆಯಾಗಿ, ಹೊಸಬರು ಹಾಕಿದ ಮರಿಗಳು ಹೊಟ್ಟೆ ತುಂಬ ತಿಂದು ಬದುಕಿಕೊಳ್ಳುತ್ತಿದ್ದವು. ನಿವೃತ್ತಿಯ ದಿನ ಚಿಕ್ಕಪ್ಪ ಇಕ್ಕಳವನ್ನು ಗೋಡೆಗೊರಗಿಸಿ, "ನಾನು ಸೇರಿದಾಗ ಎಷ್ಟಿದ್ವೋ ಈಗಲೂ ಅಷ್ಟೇ ಇದಾವೆ ಕಣೋ. ತೂತಿನ ಕೊಡಕ್ಕೆ ನೀರು ತುಂಬಿಸ್ದೆ," ಎಂದಿದ್ದರು.

ಬೆಕ್ಕುಗಳ ಕತೆಯೂ ಬೇರೆಯಲ್ಲ. ಮಾರುಕಟ್ಟೆಯ ಹಿಂದಿನ ದವಸದ ಗೋದಾಮಿನವರು ಇಲಿಕಾಟಕ್ಕೆಂದು ಬೆಕ್ಕು ಸಾಕಿದ್ದರು. ಗೋದಾಮಿಗೆ ಬೀಗ ಬಿದ್ದಾಗ ಮೂಟೆಗಳನ್ನು ಲೆಕ್ಕ ಹಾಕಿ ಸಾಗಿಸಿದರು, ಬೆಕ್ಕುಗಳನ್ನು ಯಾರೂ ಕೇಳಲಿಲ್ಲ. ಈಗ ಮೀನಿನ ಸಾಲಿನ ಹಲಗೆಗಳ ಕೆಳಗೆ ಕಣ್ಣು ಮಿಟುಕಿಸುವುದು ಅವುಗಳ ಮೊಮ್ಮಕ್ಕಳ ಮೊಮ್ಮಕ್ಕಳು.

ಇಷ್ಟೆಲ್ಲ ತಿಳಿದ ಬಲೆಯಣ್ಣನ ಮನೆಯಲ್ಲೇ ಆಪರೇಷನ್ ಆಗದ ಹೆಣ್ಣುನಾಯಿಯೊಂದಿತ್ತು. ಹೆಸರು ಬೂದಿ. ಬಣ್ಣವೂ ಅದೇ. ಬಾಲದ ತುದಿ ಬಾಗಿಲಿಗೆ ಸಿಕ್ಕಿ ಮುರಿದ ಹಾಗೆ ಎಡಕ್ಕೆ ಕೊಂಕಿತ್ತು, ಹುಟ್ಟಿನಿಂದಲೇ.

ಬೂದಿ ಅವನ ಹೆಂಡತಿಯ ನಾಯಿ. ಹೆಂಡತಿ ಚಿಕ್ಕ ಹುಡುಗಿಯಾಗಿದ್ದಾಗ ಅವಳ ನಾಯಿಯನ್ನು ಇಕ್ಕಳದ ಗಾಡಿ ಎತ್ತಿಕೊಂಡು ಹೋಗಿತ್ತು. ಅದರ ಕೂಗು ತಿರುವಿನವರೆಗೂ ಕೇಳುತ್ತಿತ್ತಂತೆ. ಮುಂದೆ ಅದೇ ಗಾಡಿಯವರ ಮನೆಯಿಂದ ಸಂಬಂಧ ಬಂದಾಗ ಅವಳು ಒಂದೇ ಒಂದು ಷರತ್ತು ಹಾಕಿದಳು: "ನಿಮ್ಮ ಗಾಡಿ ನನ್ನ ನಾಯಿ ಹತ್ತಿರ ಬರಬಾರದು." ಬಲೆಯಣ್ಣ ಮಾತು ಕೊಟ್ಟ, ಉಳಿಸಿಕೊಂಡೂ ಬಂದ. ಗಾಡಿ ತಿರುವಿನಲ್ಲಿ ಕಂಡರೆ ಸಾಕು, ಅವಳು ಬೂದಿಯನ್ನು ಒಳಗೆಳೆದು ಬಾಗಿಲು ಹಾಕುತ್ತಿದ್ದಳು. ಓಣಿಯ ಉಳಿದ ಹೆಂಗಸರೂ ಅವಳನ್ನು ನೋಡಿ ಹಾಗೇ ಮಾಡುತ್ತಿದ್ದರು. ನಾಯಿ ಹಿಡಿಯುವವನ ಹೆಂಡತಿಯೇ ಹೆದರುತ್ತಾಳೆಂದರೆ ಏನೋ ಇರಬೇಕು ಎಂದು ಅವರ ಲೆಕ್ಕ.

ಬೂದಿ ಮರಿ ಹಾಕಿದಾಗಲೆಲ್ಲ ಮನೆಯಲ್ಲಿ ಬಾಣಂತನ. ಮರಿಗಳು ಓಡಾಡುವ ಹೊತ್ತಿಗೆ ನೆಂಟರು, ನೆರೆಯವರು ಬುಟ್ಟಿ ಹಿಡಿದು ಬರುತ್ತಿದ್ದರು. ಒಬ್ಬರನ್ನೂ ಬರಿಗೈಲಿ ಕಳಿಸಿದ್ದಿಲ್ಲ ಎಂಬುದು ಅವಳ ಹೆಮ್ಮೆ.

ಆ ವರ್ಷ ಮಾರುಕಟ್ಟೆಯಲ್ಲಿ ಒಂದು ಮಗುವಿಗೆ ನಾಯಿ ಕಚ್ಚಿತು. ಮೀನಿನ ಸಾಲಿನ ಮೆಟ್ಟಿಲ ಕೆಳಗಿದ್ದ ಮರಿಯನ್ನು ಮಗು ಎತ್ತಿಕೊಳ್ಳಲು ಹೋದಾಗ ತಾಯಿನಾಯಿ ಹಾರಿ ಬಂದಿತ್ತು. ವರ್ತಕರ ಸಂಘದ ಅಧ್ಯಕ್ಷ ಆಸ್ಪತ್ರೆಗೇ ಬಂದು ಮೇಜು ಕುಟ್ಟಿದ. "ಕಿವಿ ಕತ್ತರಿಸಿದ್ದೋ ಬಾಲ ಕತ್ತರಿಸಿದ್ದೋ ನಮಗೆ ಬೇಡ. ಎಲ್ಲಾನೂ ತುಂಬ್ಕೊಂಡು ಊರಾಚೆ ಬಿಟ್ಟು ಬನ್ನಿ!"

ಊರಾಚೆ ಬಿಟ್ಟ ನಾಯಿ ಹಸಿದೋ ಅಲ್ಲಿನ ನಾಯಿಗಳ ಬಾಯಿಗೆ ಸಿಕ್ಕೋ ಸಾಯುತ್ತದೆಂದು ಬಲೆಯಣ್ಣನಿಗೆ ಗೊತ್ತಿತ್ತು. ಆ ಮೆಟ್ಟಿಲ ನಾಯಿಗಳಲ್ಲಿ ಹೆಚ್ಚಿನವು ಅವನ ಕೈಯಿಂದಲೇ ಆಸ್ಪತ್ರೆಗೆ ಹೋಗಿ ಬಂದಂಥವು. ಯಾರ ತಂಟೆಗೂ ಹೋಗದ ಮುದಿಜೀವಗಳು. ಆಸ್ಪತ್ರೆಯ ಡಾಕ್ಟರಮ್ಮ ಹೇಗೋ ಸಮಾಧಾನ ಹೇಳಿ ಸಂಘದ ಮುಂದಿನ ಸಭೆಯವರೆಗೆ ಗಡುವು ಪಡೆದರು. ಅಷ್ಟರೊಳಗೆ ಅಲ್ಲಿ ಹೊಸ ಮರಿ ಕಾಣಿಸುವುದು ನಿಂತರೆ ಸರಿ, ಇಲ್ಲವಾದರೆ ಎಲ್ಲ ನಾಯಿಗಳೂ ಗಾಡಿಗೆ.

ಕಚ್ಚಿದ ನಾಯಿಯನ್ನು ಬಲೆಯಣ್ಣ ಅಂದೇ ಮರಿಸಹಿತ ಹಿಡಿದ. ಕಿವಿ ಪೂರ್ತಿ ಇತ್ತು, ಗುರುತಿಲ್ಲ. ಬಾಲದ ತುದಿ ಎಡಕ್ಕೆ ಕೊಂಕಿತ್ತು. ಇದ್ದೀತು, ಲೋಕದಲ್ಲಿ ಎಷ್ಟೋ ಬಾಲಗಳಿವೆ ಎಂದುಕೊಂಡ.

ಮುಂದಿನ ವಾರ ಅದೇ ಮೆಟ್ಟಿಲ ಕೆಳಗೆ ಹಾಲು ಬಿಟ್ಟ ಎರಡು ಮರಿಗಳು ಕೂತಿದ್ದವು. ಎರಡೂ ಹೆಣ್ಣು, ಎರಡಕ್ಕೂ ಅದೇ ಬಾಲ.

"ಏನ್ ಬಲೆಯಣ್ಣ, ಹಂಗೆ ನೋಡ್ತಿದೀಯ? ನಿನ್ನ ತಂಗಿನೇ ತಂದು ಬಿಟ್ಟಿದ್ದು," ಎಂದಳು ಮೀನಿನವಳು, ಚಾಕು ನಿಲ್ಲಿಸದೆ. "ಹೋದ್ಸಲನೂ ಒಂದು ಬಿಟ್ಟಿದ್ಲು. ಗಂಡಾದ್ರೆ ಇಟ್ಕೋತಿದ್ದೆ, ಹೆಣ್ಣು ಯಾರಿಗ್ ಬೇಕು, ಇಲ್ಲಿ ಬಿಟ್ರೆ ಮೀನಿನ ತಲೆ ತಿಂದು ಬದುಕ್ಕೊಳ್ಳುತ್ತೆ ಅಂದ್ಲು. ನಿನ್ನ ಹೆಂಡ್ತಿ ಹತ್ರ ಬೇಡ ಅನ್ನೋಕೆ ದಾಕ್ಷಿಣ್ಯವಂತೆ."

ಬಲೆಯಣ್ಣ ಮನೆಗೆ ಬಂದು, ಕೈಕಾಲು ತೊಳೆದು, ಅಡುಗೆಮನೆಯ ಹೊಸ್ತಿಲಲ್ಲಿ ಕೂತ. ಕೊಟ್ಟ ಮಾತು ಒಂದು ಕಡೆ, ಮೆಟ್ಟಿಲ ಮುದಿನಾಯಿಗಳು ಇನ್ನೊಂದು ಕಡೆ.

"ಒಂದು ಗಳಿಗೆ ಮಾರುಕಟ್ಟೆಗೆ ಬರ್ತೀಯಾ?"

"ಯಾಕ್ರೀ? ತರಕಾರಿ ಇದೆಯಲ್ಲ."

"ನಿನ್ನ ನೆಂಟರು ಬಂದಿದ್ದಾರೆ."

ಅವಳು ನಗುತ್ತಲೇ ಹೊರಟಳು. ಮೆಟ್ಟಿಲ ಬಳಿ ಬಂದ ಮೇಲೆ ನಗಲಿಲ್ಲ. ಸೀರೆ ಒದ್ದೆಯಾಗುವುದನ್ನೂ ಗಮನಿಸದೆ ಮೀನಿನ ನೀರಿನಲ್ಲೇ ಕುಕ್ಕರಗಾಲಲ್ಲಿ ಕೂತು ಒಂದು ಮರಿಯ ಬಾಲವನ್ನು ಬೆರಳಲ್ಲಿ ಸವರಿದಳು. ಗಡುವಿನ ವಿಷಯವನ್ನು ಬಲೆಯಣ್ಣ ನಿಧಾನವಾಗಿ ಹೇಳಿದ. ಬೂದಿಯ ಹೆಸರೆತ್ತಲಿಲ್ಲ.

"ಇಷ್ಟು ವರ್ಷ ಕೊಟ್ಟ ಹೆಣ್ಣುಗಳೆಲ್ಲ ಹೀಗೇ ಆದ್ವೇನ್ರೀ?"

"ಎಲ್ಲಾ ಅಲ್ಲದಿರಬಹುದು."

ಅವಳು ಎದ್ದು ಮನೆಯ ದಾರಿ ಹಿಡಿದಳು. ಮರಿಗಳೆರಡೂ ಅವಳ ಸೆರಗಿನಲ್ಲಿದ್ದವು. ಮನೆ ಬಾಗಿಲಲ್ಲಿ ಬೂದಿ ಅವುಗಳನ್ನು ಮೂಸಿ, ಗುರುತು ಹಿಡಿಯದೆ ಪಕ್ಕಕ್ಕೆ ಸರಿಯಿತು.

"ನಾನೂ ಗಾಡಿಲಿ ಕೂರ್ತೀನಿ," ಎಂದಳು ಅವಳು. "ಬೂದಿಗೆ ಆಪರೇಷನ್ ಆಗಿ ಎಚ್ಚರ ಆಗೋವರೆಗೂ ಪಕ್ಕದಲ್ಲೇ ಇರ್ತೀನಿ."

ಮರುದಿನ ನಗರಸಭೆಯ ಗಾಡಿ ಮೊದಲ ಸಲ ಅವರ ಬಾಗಿಲಲ್ಲಿ ನಿಂತಿತು. ಬೂದಿಯನ್ನು ತಬ್ಬಿಕೊಂಡು ಮುಂದಿನ ಸೀಟಿನಲ್ಲಿ ಕೂತ ಅವಳನ್ನು ನೋಡಿ ಎದುರು ಮನೆಯಾಕೆ, "ಏನಮ್ಮ, ಗಂಡ ನಿನ್ನನ್ನೂ ಹಿಡ್ಕೊಂಡ್ನಾ?" ಎಂದು ಕೂಗಿದಳು.

"ಹೂಂ, ನಾಳೆ ನಿನ್ನ ಸರದಿ. ನಿನ್ನ ನಾಯಿ ಕೆಂಚಿನೂ ಕರ್ಕೊಂಡು ಬಾ," ಎಂದಳು ಇವಳು. ಎದುರು ಮನೆಯಾಕೆ ಮರುದಿನ ಬರಲಿಲ್ಲ. ಬೂದಿ ಬಾಲ ಆಡಿಸುತ್ತ ಮನೆಗೆ ಮರಳಿದ್ದನ್ನು ಕಂಡ ಮೇಲೆ ಬಂದಳು. ಅವಳ ಹಿಂದೆ ಓಣಿಯ ಇನ್ನೂ ಕೆಲವರು.

ಸಭೆಯ ಹೊತ್ತಿಗೆ ಮೆಟ್ಟಿಲ ಕೆಳಗೆ ಮರಿಗಳಿರಲಿಲ್ಲ. ಅಧ್ಯಕ್ಷ ಬಗ್ಗಿ ನೋಡಿ, "ಸದ್ಯಕ್ಕೆ ಇರ್ಲಿ ಬಿಡಿ," ಎಂದ. ಮುದಿನಾಯಿಗಳು ಬಿಸಿಲಿಗೆ ಮೈಯೊಡ್ಡಿ ಮಲಗಿದ್ದವು. ಒಂದೂ ತಲೆ ಎತ್ತಲಿಲ್ಲ.

ಏನೂ ತಿಳಿಯದ ನಾದಿನಿ ಒಂದು ದಿನ ಖಾಲಿ ಬುಟ್ಟಿ ಹಿಡಿದು ಬಂದಳು. "ಅತ್ತಿಗೆ, ಮುಂದಿನ ಸಲ ನನಗೆ ಗಂಡೇ ಎತ್ತಿಡಬೇಕು, ಈಗಲೇ ಹೇಳಿದೀನಿ."

"ಮುಂದಿನ ಸಲ ಇಲ್ಲ ಕಣೆ," ಎಂದಳು ಇವಳು. ಒಳಗೆ ಹೋಗಿ, ಕೊಂಕು ಬಾಲದ ಹೆಣ್ಣುಮರಿಯೊಂದನ್ನು ತಂದು ಬುಟ್ಟಿಯಲ್ಲಿಟ್ಟಳು. ನಾದಿನಿಯ ಮುಖ ಚಿಕ್ಕದಾಯಿತು.

"ಇದು ನಿನ್ನದೇ, ಮಾರುಕಟ್ಟೆಯಲ್ಲಿ ಮರೆತು ಬಂದಿದ್ದೆ. ಇನ್ನೊಂದು ಇಲ್ಲೇ ಇರುತ್ತೆ. ಕೆಲವು ತಿಂಗಳಾದ ಮೇಲೆ ನಿಮ್ಮಣ್ಣನ ಗಾಡಿ ನಿಮ್ಮನೆಗೂ ಬರುತ್ತೆ, ಬಾಗಿಲು ಹಾಕ್ಬೇಡ."