ಪುಷ್ಪಮ್ಮನ ಪ್ರಶ್ನೆಗೆ ಎಂಟು ಸೆಕೆಂಡು

ಹೊಸನಗರದ ಮಳೆ ಲೆಕ್ಕದ ಕಚೇರಿಯಲ್ಲಿ ವಾಸಪ್ಪ ಹನ್ನೊಂದು ವರ್ಷದಿಂದ ದಿನಗೂಲಿ ಟೈಪಿಸ್ಟ್. ಕೋಣಂದೂರಿನ ಕಡೆಯವನು. ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷು ಅವನಿಗೆ ಮೂರು ಸಲ ಮಣ್ಣು ಮುಕ್ಕಿಸಿತ್ತು. ಅವನು ಬಿಡಲಿಲ್ಲ. ತೀರ್ಥಹಳ್ಳಿಯ ಟೈಪಿಂಗ್ ಶಾಲೆಯಲ್ಲಿ ದಿನಾ ಕಸ ಗುಡಿಸಿ, ಅದರ ಬದಲಿಗೆ ಒಂದು ಗಂಟೆ ಯಂತ್ರದ ಮುಂದೆ ಕೂತು, ಅದೇ ಇಂಗ್ಲಿಷನ್ನು ಬೆರಳಿನಲ್ಲಿ ಪಳಗಿಸಿದ. ಹುಲಿಕಲ್‌ನಿಂದ ಮೇಗರವಳ್ಳಿಯವರೆಗೆ ಹದಿನಾಲ್ಕು ಕೇಂದ್ರಗಳ ಮಳೆ ಅವನ ಬೆರಳ ತುದಿಯಿಂದಲೇ ಶಿವಮೊಗ್ಗಕ್ಕೆ ಹೋಗುತ್ತಿತ್ತು.

ಎಂಬತ್ತೊಂಬತ್ತರ ಜುಲೈನಲ್ಲಿ ಕಂಪ್ಯೂಟರ್ ಬಂತು, ಜೊತೆಗೆ ಮೋಡೆಮ್ ಎಂಬ ಚಪ್ಪಟೆ ಪೆಟ್ಟಿಗೆ. ಅಕ್ಷರಗಳನ್ನು ಕೂಗಾಗಿಸಿ ಫೋನ್ ತಂತಿಗೆ ಬಿಡುವುದು ಅದರ ಕೆಲಸ; ಆ ತುದಿಯ ಪೆಟ್ಟಿಗೆ ಕೂಗನ್ನು ಮತ್ತೆ ಅಕ್ಷರ ಮಾಡಿಕೊಳ್ಳುತ್ತಿತ್ತು.

ಕಚೇರಿಯ ಮುಖ್ಯಸ್ಥ ಮುಕುಂದಯ್ಯ ಮಾತು ಮುಚ್ಚಿಡುವವರಲ್ಲ. "ವಾಸಪ್ಪ, ಶನಿವಾರ ಒಂದು ಗಂಟೆಯೊಳಗೆ ಜೂನ್‌ನಿಂದ ಈಚಿನ ಮಳೆಯೆಲ್ಲ ಇದರಲ್ಲೇ ಶಿವಮೊಗ್ಗ ಮುಟ್ಟಿದ್ರೆ, ನಿನ್ನ ಖಾಯಂ ಮಾಡಿ ಅಂತ ನಾನೇ ಬರೀತೀನಿ. ಮುಟ್ಟಲಿಲ್ವಾ, ಪೆಟ್ಟಿಗೇನೂ ಲೆಕ್ಕಾನೂ ಅಲ್ಲಿಗೇ ಹೋಗ್ತವೆ. ಆಮೇಲೆ ಇಲ್ಲಿ ಟೈಪಿಸ್ಟಿಗೆ ಏನು ಕೆಲಸ?"

ಶನಿವಾರ ಬೆಳಿಗ್ಗೆ ಹೊರಡುವಾಗ ಹೆಂಡತಿ ದುಗ್ಗಮ್ಮ, "ಆ ಪೆಟ್ಟಿಗೆ ಹತ್ರ ನಯವಾಗಿ ಮಾತಾಡಿ. ನನ್ಹತ್ರ ಗದರ್ದಂಗೆ ಗದರಬೇಡಿ" ಎಂದಳು. ವಾಸಪ್ಪನಿಗೆ ನಗು ಬರಲಿಲ್ಲ.

ಯಂತ್ರ ಹೂಡಲು ಸಾಗರದಿಂದ ಎಂಜಿನಿಯರ್ ಗಣೇಶಮೂರ್ತಿ ಬಂದಿದ್ದರು. ಹೊಸನಗರದಲ್ಲಿ ಆಗ ನೇರವಾಗಿ ನಂಬರ್ ತಿರುಗಿಸುವಂತಿರಲಿಲ್ಲ. ಎಕ್ಸ್‌ಚೇಂಜಿನ ಪುಷ್ಪಮ್ಮನನ್ನು ಕೇಳಿ ಟ್ರಂಕ್ ಕಾಲ್ ಹಾಕಿಸಬೇಕು. ಅವಳು ಶಿವಮೊಗ್ಗ ಕೊಟ್ಟ ಕೂಡಲೇ ATD ಎಂದು ಟೈಪ್ ಮಾಡಿ ರಿಸೀವರ್ ಇಟ್ಟರೆ ಪೆಟ್ಟಿಗೆ ಕೂಗಲು ಶುರುಮಾಡುತ್ತಿತ್ತು. ಮಳೆಯೆಲ್ಲ ಹೋಗಲು ಒಂಬತ್ತು ನಿಮಿಷ ಬೇಕು.

ಮೊದಲ ಸಲ ನಡುವೆಯೇ ಕಡಿಯಿತು. 'ನೋ ಕ್ಯಾರಿಯರ್', ಆ ತುದಿಯ ಕೂಗಿಲ್ಲ, ಎಂದಿತು ಪರದೆ. ಎರಡನೆಯ ಸಲವೂ ಅದೇ. ಗಣೇಶಮೂರ್ತಿ ತಂತಿ ಕಿತ್ತು ತಂತಿ ಸಿಕ್ಕಿಸಿದರು. ವಾಸಪ್ಪ ಮಾತ್ರ ಗಡಿಯಾರ ನೋಡುತ್ತಿದ್ದ. ಎರಡು ಸಲವೂ ಕಡಿದದ್ದು ಸರಿಯಾಗಿ ಮೂರು ನಿಮಿಷಕ್ಕೆ. ತಟ್ಟನೆ ರಿಸೀವರ್ ಎತ್ತಿದ.

"ಮೂರು ನಿಮಿಷ ಆಯ್ತು, ಮುಂದುವರಿಸ್ತೀರಾ? ಹಲೋ! ಇದೇನ್ ಮಾರಾಯ್ರೆ, ಲೈನಲ್ಲಿ ಜೀರುಂಡೆ ಕೂಗ್ತಾ ಇತ್ತಲ್ಲ!"

ಟ್ರಂಕ್ ಕಾಲಿನಲ್ಲಿ ಮೂರು ನಿಮಿಷಕ್ಕೊಮ್ಮೆ ಹಾಗೆ ಕೇಳುವುದು ನಿಯಮ. ಪುಷ್ಪಮ್ಮ ನಡುವೆ ಬಾಯಿ ಹಾಕಿದಾಗ ಆ ತುದಿಯ ಕೂಗು ಕೇಳದೆ ಪೆಟ್ಟಿಗೆ ಫೋನ್ ಇಟ್ಟುಬಿಡುತ್ತಿತ್ತು.

"ಪುಷ್ಪಮ್ಮ, ಇವತ್ತೊಂದಿನ ಮಧ್ಯೆ ಮಾತಾಡ್ಬೇಡಿ. ನನ್ನ ನೌಕರಿ ಇದ್ರಲ್ಲಿದೆ."

"ನಂದು ಮಾತಲ್ಲೇ ಇರೋದು ವಾಸಪ್ನೋರೆ. ಇನ್ಸ್‌ಪೆಕ್ಷನ್‌ಗೆ ಬಂದ ಸಾಹೇಬ್ರು ಪಕ್ಕದಲ್ಲೇ ಕೂತಿದ್ದಾರೆ. ಕೇಳ್ದೆ ಬಿಟ್ರೆ ನಿಮಗೆ ನೌಕರಿ, ನನಗೆ ಮನೆ."

"ಹಂಗಾದ್ರೆ ಉತ್ತರ ಈಗ್ಲೇ ತಗೊಳ್ಳಿ. ಎಷ್ಟ್ ಸಲ ಕೇಳಿದ್ರೂ ಹೌದು."

"ಬರ್ಕೊಂಡೆ. ಪ್ರಶ್ನೆ ಮಾತ್ರ ಟೈಮಿಗೆ ಸರಿಯಾಗಿ ಕೇಳ್ತೀನಿ."

ಅವಳಿಂದ ಆ ಪ್ರಶ್ನೆಯನ್ನು ಇನ್ನೊಮ್ಮೆ ಹೇಳಿಸಿ ಕೈಗಡಿಯಾರ ನೋಡಿದ. ನಡುವೆ ಬಂದು, ಕೇಳಿ, ಹೋಗಲು ಐದು ಸೆಕೆಂಡು. ಪೆಟ್ಟಿಗೆಯ ಜೊತೆ ಬಂದ ಪುಸ್ತಕವನ್ನು ಅವನು ವಾರವಿಡೀ ಬೆರಳಿಟ್ಟು ಓದಿದ್ದ. ಕೂಗು ನಿಂತರೆ ಎಷ್ಟು ಹೊತ್ತು ಕಾಯಬೇಕು ಎಂದು ಹೇಳಲು S10 ಎಂಬ, ಅಂಕೆ ತುಂಬುವ ಮನೆಯಿತ್ತು. ATS10=8 ಎಂದು ಹೊಡೆದ. ಪೆಟ್ಟಿಗೆ 'ಓಕೆ' ಎಂದಿತು. ಶಿವಮೊಗ್ಗದವರಿಗೂ ಅದನ್ನೇ ಹೊಡೆಯಲು ಹೇಳಿದ.

ಮೂರನೆಯ ಸಲವೂ ಮೂರು ನಿಮಿಷಕ್ಕೇ ಕಡಿಯಿತು.

"ಎಂತ ಆತು ಇದ್ಕೆ!" ಗಣೇಶಮೂರ್ತಿಯವರ ಬಾಯಲ್ಲಿ ಮನೆಮಾತೇ ಬಂದುಬಿಟ್ಟಿತು. ಹನ್ನೆರಡೂವರೆ. ಮುಕುಂದಯ್ಯ ಬಾಗಿಲಲ್ಲಿ ನಿಂತು, "ಪೆಟ್ಟಿಗೆ ಕಟ್ಟಿ ಕಳ್ಸೋಕೆ ರಟ್ಟಿನ ಡಬ್ಬ ತರಿಸ್ಲಾ?" ಎಂದರು.

ವಾಸಪ್ಪ ಪುಸ್ತಕ ಮತ್ತೆ ತೆರೆದ. ಕಾರ್ಖಾನೆಯಲ್ಲೇ ಆ ಮನೆಗೆ ಏಳು ಎಂದು ಹಾಕಿದ್ದರು. ಏಳು ಸೆಕೆಂಡೇ ಆಗಿದ್ದರೆ ಪುಷ್ಪಮ್ಮನ ಐದನ್ನು ಅದು ಮೊದಲ ಸಲವೇ ತಡೆದುಕೊಳ್ಳಬೇಕಿತ್ತಲ್ಲ! ಹಾಗಾದರೆ ಇದು ಸೆಕೆಂಡಲ್ಲ. ಪುಟದ ಬುಡದಲ್ಲಿ ಇರುವೆ ಸಾಲಿನಂಥ ಅಕ್ಷರ: ಸೆಕೆಂಡಿನ ಹತ್ತನೇ ಒಂದು ಪಾಲು. ಮಳೆ ಅಳೆಯುವ ಗಾಜಿನ ಸಣ್ಣ ಗೆರೆಯ ಹಾಗೆ! ಹತ್ತು ಗೆರೆಗೆ ಒಂದು ಮಿಲಿಮೀಟರ್ ಎಂದು ಎಷ್ಟು ಜನ ಹೊಸಬರಿಗೆ ಅವನೇ ಹೇಳಿಕೊಟ್ಟಿರಲಿಲ್ಲ! ತಾನೇ ಗೆರೆ ತಪ್ಪಿ ಓದಿದ್ದ.

"ಡಬ್ಬ ಬೇಡ ಸ್ವಾಮಿ. ಇನ್ನೊಂದೇ ಸಲ."

ATS10=80. ಆ ತುದಿಗೂ ಎಂಬತ್ತು. ಹನ್ನೆರಡು ನಲವತ್ತಕ್ಕೆ ಪೆಟ್ಟಿಗೆ ಕೂಗಿತು. ಪರದೆಯ ಮೇಲೆ ಹುಲಿಕಲ್ಲಿನ ಮಳೆ ಸಾಲುಸಾಲಾಗಿ ಹರಿಯಿತು. ಒಂದು ನಿಮಿಷ. ಎರಡು. ಮೂರಕ್ಕೆ ಸಾಲು ತಟ್ಟನೆ ನಿಂತಿತು. ವಾಸಪ್ಪ ಮನಸ್ಸಿನಲ್ಲೇ ಪುಷ್ಪಮ್ಮನ ಮಾತನ್ನು ಅಕ್ಷರ ಅಕ್ಷರ ಬಿಡಿಸಿ ಹೇಳಿಕೊಂಡ: ಮೂರು ನಿಮಿಷ ಆಯ್ತು, ಮುಂದುವರಿಸ್ತೀರಾ...

ಸಾಲು ಮತ್ತೆ ಹರಿಯಿತು. ಕೆಟ್ಟುಹೋದ ತುಂಡನ್ನು ಯಂತ್ರವೇ ಇನ್ನೊಮ್ಮೆ ಕಳಿಸಿತು. ಆರನೇ ನಿಮಿಷಕ್ಕೂ ನಿಂತು, ಮತ್ತೆ ಹೊರಟಿತು. ಹತ್ತು ನಿಮಿಷ ಕಮ್ಮಿ ಒಂದು ಗಂಟೆಗೆ ಶಿವಮೊಗ್ಗದಿಂದ ಫೋನ್ ಬಂತು: ಹದಿನಾಲ್ಕೂ ಕೇಂದ್ರ ಮುಟ್ಟಿವೆ.

ಮುಕುಂದಯ್ಯ ಕುರ್ಚಿ ಎಳೆದು ಕೂತರು. "ಟೈಪ್ ರೈಟರಿಗೆ ಹಾಳೆ ಹಾಕು. ಶಿಫಾರಸು ಹೇಳ್ತೀನಿ, ಬರ್ಕೋ. ನಿನ್ನ ಹೆಸರಿಂದ ಶುರು."

ವಾಸಪ್ಪ ಹಾಳೆ ಹಾಕಿದ. ಬೆಳಗ್ಗೆಯಿಂದ ಒಂದಕ್ಷರ ತಪ್ಪದ ಬೆರಳು, ಸ್ವಂತ ಹೆಸರನ್ನೇ ಎರಡು ಸಲ ತಪ್ಪು ಹೊಡೆಯಿತು. ಮೂರನೆಯ ಹಾಳೆ ಸರಿಯಾಗಿ ಬಂತು.