ದಾಕಿನವರು ಮನೆ ಹುಡುಕಿಕೊಟ್ಟ ನಾಯಿ

ಅವರ ಬಲಗೈ ಹೆಬ್ಬೆರಳು ನಾಗರಹಾವಿನ ಹೆಡೆಯಷ್ಟು ಅಗಲವಿತ್ತು. ನನ್ನ ಹೆಬ್ಬೆರಳನ್ನು ಪಕ್ಕದಲ್ಲಿಟ್ಟು ನೋಡಿದ್ದೇನೆ. ಅದರ ಮುಂದೆ ನನ್ನದು ಕಡಲೆಕಾಯಿ. ಸಿಡುಬು ಬಾರದಿರಲೆಂದು ಮಕ್ಕಳ ತೋಳಿಗೆ ದಾಕು ಹಾಕುವುದು ಅವರ ಸರ್ಕಾರಿ ಕೆಲಸ. ತುದಿಯಲ್ಲಿ ಹಲ್ಲಿನ ಚಕ್ರವಿದ್ದ ಉಕ್ಕಿನ ಕಡ್ಡಿಯನ್ನು ತೋಳಿಗೆ ಒತ್ತಿ, ಆ ಹೆಬ್ಬೆರಳಿನಿಂದ ಗರಗರ ತಿರುಗಿಸುತ್ತಿದ್ದರು. ಜೀವಮಾನವೆಲ್ಲ ತಿರುಗಿಸಿ ಬೆರಳು ಹಾಗಾಗಿತ್ತು.

ಊರೂರಲ್ಲೂ ಅವರನ್ನು 'ದಾಕಿನವರು' ಎಂದೇ ಕರೆಯುತ್ತಿದ್ದರು. ಹಾಸನದಿಂದ ಅರಕಲಗೂಡಿನವರೆಗೆ, ಇತ್ತ ಚನ್ನರಾಯಪಟ್ಟಣದವರೆಗೆ, ಎಲ್ಲಿ ಅವರ ಸೈಕಲ್ ಗಂಟೆ ಕೇಳಿದರೂ ಮಕ್ಕಳು ಅಟ್ಟ ಹತ್ತುತ್ತಿದ್ದರು, ಅವ್ವಂದಿರು ಅಗುಳಿ ಹಾಕುತ್ತಿದ್ದರು. ಒಂದೂರಿನಲ್ಲಿ ಮೊಳದುದ್ದ ಮೀಸೆಯ ಗೌಡನೊಬ್ಬ ರಾಗಿ ತುಂಬುವ ದೊಡ್ಡ ಮಣ್ಣಿನ ವಾಡೆಯೊಳಗೆ ಇಳಿದು ಅಡಗಿದ್ದನಂತೆ. ಸೀನು ಬಂದು ಸಿಕ್ಕಿಬಿದ್ದ.

ಮುಚ್ಚಿದ ಬಾಗಿಲಿಗೆ ಅವರು ಎಂದೂ ಸಿಟ್ಟಾಗಲಿಲ್ಲ. ಜಗಲಿಯ ಮೇಲೆ ಕೂತು, "ಬಾಗ್ಲು ತೆಗೀಬ್ಯಾಡಿ, ಪರ್ವಾಗಿಲ್ಲ. ಕಿಟ್ಕೀಲಿ ಒಂದ್ ಚೊಂಬು ನೀರು ಕೊಡಿ," ಎನ್ನುತ್ತಿದ್ದರು. ನೀರು ಕೊಟ್ಟ ಕೈ ಸ್ವಲ್ಪ ಹೊತ್ತಿಗೆ ಅಗುಳಿಯನ್ನೂ ತೆಗೆಯುತ್ತಿತ್ತು.

ಹೊಳೆನರಸೀಪುರದಲ್ಲಿ ನಮ್ಮ ಮನೆಯ ಪಕ್ಕದ ಒಂಟಿ ಕೋಣೆಯಲ್ಲಿ ಒಬ್ಬರೇ ಇದ್ದರು. ಮುದ್ದೆ ಕಟ್ಟಲು ಬಾರದು. ಅವರ ಮುದ್ದೆಯನ್ನು ಗೋಡೆಗೆ ಎಸೆದರೆ ಗೋಡೆ ಬೀಳುತ್ತಿತ್ತು. ಅದನ್ನು ಹೊಗಳಿ ತಿನ್ನುತ್ತಿದ್ದದ್ದು ನಮ್ಮ ಕರಿಯ ಒಬ್ಬನೇ.

ಕರಿಯ ನಾನು ಸಾಕಿದ ನಾಯಿ. ಹೋದ ವರ್ಷ, ನನಗೆ ಹದಿನಾಲ್ಕು ತುಂಬಿದಾಗ, ಅವನಿಗೆ ಒಂದು ಕೆಟ್ಟ ಹೆಸರು ಬಂತು. ಒಂದು ಸಂಜೆ ಅವನು ಗಾಣದ ಅಜ್ಜನ ಬಾಗಿಲ ಮುಂದೆ ಹೋಗಿ ಕೂತ. ಬೊಗಳಲಿಲ್ಲ, ಅನ್ನ ಮುಟ್ಟಲಿಲ್ಲ. ಮೂರನೇ ದಿನ ಅಜ್ಜ ಹೋದ. ಆಮೇಲೆ ಶಾನುಭೋಗರ ಅತ್ತೆಯ ಬಾಗಿಲು, ಮೂರೇ ದಿನ. ಮುದುಕರು, ಬಿಡು ಎಂದರು ಜನ. ಮೂರನೆಯ ಸಲ ಕೂತದ್ದು ಗರಡಿಮನೆ ಪೈಲ್ವಾನನ ಬಾಗಿಲಲ್ಲಿ. ಅವನು ಬೆಳಿಗ್ಗೆಗೆ ಒಂದು ಎಮ್ಮೆಯ ಹಾಲು ಕುಡಿಯುತ್ತಿದ್ದ, ಎಮ್ಮೆ ಒಪ್ಪಿದ್ದರೆ ಎಮ್ಮೆಯನ್ನೂ ಕುಡಿಯುತ್ತಿದ್ದ. ಜ್ವರ ಬಂತು, ಮೂರನೇ ದಿನ ಅವನನ್ನೂ ಹೊತ್ತರು.

"ಯಮನ್ಗೆ ದಾರಿ ತೋರ್ಸೋ ನಾಯಿ ಕಣೇ ಇದು," ಎಂದಳು ಅಜ್ಜಿ. ಆ ಸೋಮವಾರ ನಮ್ಮಕ್ಕ ಚೊಚ್ಚಲ ಹೆರಿಗೆಗೆ ಬರುವವಳಿದ್ದಳು. ಅಪ್ಪಯ್ಯ ನನ್ನ ಮುಖ ನೋಡದೆ ಹೇಳಿದರು: "ಅವ್ಳು ಬರೋದ್ರೊಳ್ಗೆ ನಾಯಿ ಈ ಬೀದೀಲಿರ್ಬಾರ್ದು." ಎದುರುಮನೆಯ ಅಂಗಡಿಯವರು ಇಲಿಪಾಷಾಣ ಕಲಸಿದ ಮುದ್ದೆಯನ್ನು ಆಗಲೇ ಮಾಡಿಟ್ಟಿದ್ದರು. "ನಿಮ್ಗ್ಯಾಕೆ ತೊಂದ್ರೆ, ನಾವೇ ಆಕ್ತೀವಿ," ಎಂದು ಮದುವೆಯೂಟಕ್ಕೆ ಕರೆಯುವಷ್ಟು ನಯವಾಗಿ ಹೇಳಿದರು.

ನಾನು ದಾಕಿನವರ ಕೋಣೆಗೆ ಓಡಿ, ಅತ್ತು, ಅರ್ಧ ಗಂಟೆಯಲ್ಲಿ ಒಂದು ದಾವಣಿಯ ಸೆರಗು ಒದ್ದೆ ಮಾಡಿದೆ. ಅವರು ಪೂರ್ತಿ ಕೇಳಿ ನಕ್ಕರು. "ನಾನೋದ್ರೂ ಬಾಗ್ಲು ಆಕ್ಕತಾರೆ, ಇವ್ನೋದ್ರೂ ಆಕ್ಕತಾರೆ. ನಾವಿಬ್ರೂ ಒಂದೇ ಕಸ್ಬು ಕಣವ್ವ. ಬಾ, ಒಂದ್ ಮನೆ ನೋಡಾನ. ಆದ್ರೆ ಒಂದ್ ಮಾತು. ಇವ್ನು ಎಂತವ್ನು ಅನ್ನಾದನ್ನ ಏಳ್ಬುಟ್ಟೇ ಕೊಡ್ಬೇಕು. ಮುಚ್ಚಿಟ್ಟು ಕೊಡಂಗಿಲ್ಲ."

ಆಯಿತು ಎಂದೆ. ಆಯಿತು ಎನ್ನುವುದು ನನಗೆ ಬಹಳ ಸುಲಭ.

ಅರಕಲಗೂಡಿನ ನಮ್ಮತ್ತೆಯನ್ನು ಕೇಳುವುದೆಂದಾಯಿತು. ಯುದ್ಧದ ಕಾಲ, ಪೆಟ್ರೋಲ್ ಇಲ್ಲ, ಇದ್ದಿಲಿನ ಗ್ಯಾಸಿನಲ್ಲಿ ಓಡುವ ಬಸ್ಸು. ಏರು ಬಂದರೆ ಜನ ಇಳಿದು ತಳ್ಳಬೇಕು. ಬಸ್ಸು ನಮ್ಮನ್ನು ಒಯ್ದಿತೋ, ನಾವೇ ಬಸ್ಸನ್ನು ಒಯ್ದೆವೋ ಈಗಲೂ ತಿಳಿಯದು. ಕಂಡಕ್ಟರ್ ಮೊದಲು, "ನಾಯಿಗೆ ಜಾಗ ಇಲ್ಲ ಸಾ," ಎಂದ. ದಾಕಿನವರು ಹೆಬ್ಬೆರಳು ಎತ್ತಿ, "ಎಲ್ಲಿ, ನಿನ್ ತೋಳು ತೋರ್ಸಪ್ಪ. ದಾಕು ಆಕುಸ್ಕೊಂಡಿದ್ದೀಯೋ, ಇಲ್ವೋ?" ಎಂದರು. ಕರಿಯನಿಗೆ ಕಿಟಕಿ ಪಕ್ಕದ ಸೀಟು ಸಿಕ್ಕಿತು.

ಅರಕಲಗೂಡಿನಲ್ಲಿ ದಾಕಿನವರು ತಮ್ಮ ಪೆಟ್ಟಿಗೆ ಇಡಲು ಕಚೇರಿ ಕಡೆ ಹೋದರು. ಅಷ್ಟೇ ಸಾಕಾಯಿತು ನನಗೆ. "ಅತ್ತೆ, ಇದು ಬಲು ಅದೃಷ್ಟದ ನಾಯಿ. ಇದು ಕಾಲಿಟ್ಟ ಮನೇಲಿ ಹಸು ಅವಳಿ ಕರು ಹಾಕ್ತದೆ," ಎಂದೆ. ಅತ್ತೆ ಸಂತೋಷದಿಂದ ಅನ್ನ ಕಲಸಲು ಒಳಗೆ ಹೋದಳು. ಕರಿಯ ಅನ್ನಕ್ಕೆ ಕಾಯಲಿಲ್ಲ. ಎದ್ದು, ಮೆಲ್ಲಗೆ ಬೀದಿ ದಾಟಿ, ಎದುರುಮನೆಯ ಬಾಗಿಲ ಮುಂದೆ ಕೂತ.

ಮಟಮಟ ಮಧ್ಯಾಹ್ನ. ಬೀದಿಯಲ್ಲಿ ಕೆದಕುತ್ತಿದ್ದ ಕೋಳಿಗಳು ಒಮ್ಮೆಗೇ ನಿಂತವು. ಆ ಮನೆಯೊಳಗೆ ಯಾರೋ ಕಾಯಿಲೆಯಲ್ಲಿ ನರಳುತ್ತಿದ್ದರು, ಆ ಸದ್ದೂ ನಿಂತಿತು. ನಮ್ಮೂರಿಗೆ ಬಂದು ಹೋಗಿದ್ದ ಯಾರೋ ಒಬ್ಬ ಗುರುತು ಹಿಡಿದು ಕಿರುಚಿದ: "ಅಯ್ಯಯ್ಯೋ, ಪೈಲ್ವಾನ್ನ ತಿಂದ್ಕಂಡ ನಾಯಿ ಕಣ್ರೋ ಇದು!" ಕಲ್ಲು ಬೀಳತೊಡಗಿದವು. ಅತ್ತೆ ಅನ್ನದ ಕೈಯಲ್ಲೇ ನನ್ನ ಬೆನ್ನಿಗೆ ಗುದ್ದಿದಳು.

ಅಷ್ಟರಲ್ಲಿ ದಾಕಿನವರು ಬಂದರು. ಹೋಗಿ ಕರಿಯನ ಪಕ್ಕ, ಬೀದಿಯ ಮಣ್ಣಿನಲ್ಲಿ, ಕೋಟು ಸಮೇತ ಕೂತುಬಿಟ್ಟರು. ಕಲ್ಲುಗಳು ನಿಂತವು. ಬೈಯುತ್ತಾರೆಂದು ಹತ್ತಿರ ಹೋದರೆ ಬೇರೆಯೇ ಕೇಳಿದರು.

"ಒಬ್ರನ್ನ ಕರ್ಕೊಂಡೋಗಾಕೆ ಬಂದೋರು ಯಾವ್ ಕಡೆ ಮುಖ ಮಾಡಿ ಕೂತ್ಕತಾರೆ?"

"ಬಾಗ್ಲು ಕಡೆ."

"ಇವ್ನು?"

ಆಗ ನೋಡಿದೆ. ಕರಿಯನ ಬೆನ್ನು ಬಾಗಿಲಿಗಿತ್ತು, ಮುಖ ಬೀದಿಗೆ. ಮೂರು ಸಾವು ನೋಡಿದ ನಮ್ಮ ಬೀದಿಯಲ್ಲಿ ಒಬ್ಬರೂ ಅದನ್ನು ಕಂಡಿರಲಿಲ್ಲ.

"ಕಾವ್ಲು ಕೂತವ್ನೆ ಕಣವ್ವ," ಎಂದರು. "ಪಾಪ, ಒಂದ್ಸಲಾನೂ ಗೆದ್ದಿಲ್ಲ."

ಅವನು ನೋಡುತ್ತಿದ್ದ ಕಡೆ ನಾನೂ ನೋಡಿದೆ. ಬಿಸಿಲು, ಧೂಳು, ಖಾಲಿ ತಿರುವು. ಆದರೆ ಕರಿಯನ ಬೆನ್ನಿನ ಕೂದಲು ನಿಮಿರಿತ್ತು. ದೂರದಿಂದ ನಡೆದು ಬರುತ್ತಿರುವವರನ್ನು ನೋಡುವ ಹಾಗೆ ಅವನ ಕಣ್ಣು ನಿಧಾನವಾಗಿ ಸರಿಯುತ್ತಿತ್ತು. ನಮ್ಮಿಂದ ನಾಲ್ಕು ಮಾರು ದೂರಕ್ಕೆ ಬಂದು ಆ ನೋಟ ನಿಂತಿತು. ನಾನು ಸರಿದು ದಾಕಿನವರ ಕೋಟಿನ ಹಿಂದೆ ಕೂತೆ.

ಕರಿಯನಿಗೆ ಹಗ್ಗ ಕಟ್ಟಿ ಎಳೆದುಕೊಂಡು, ಗಾಡಿ ಹಿಡಿದು ಮಲ್ಲಿಪಟ್ಟಣಕ್ಕೆ ಹೋದೆವು. ಆ ಮನೆಯ ಕಾಯಿಲೆಯವರು ಏನಾದರೆಂದು ನನಗೆ ತಿಳಿಯಲಿಲ್ಲ. "ನಂಗೆ ಯಾವತ್ತೂ ಬಾಗ್ಲು ಆಕ್ದೇ ಇರೋದು ಒಂದೇ ಮನೆ ಐತೆ," ಎಂದರು ದಾರಿಯಲ್ಲಿ. ಆ ಮನೆಯಲ್ಲಿದ್ದದ್ದು ಒಬ್ಬ ಮುದುಕಿ. ಮುಖವೆಲ್ಲ ಸಿಡುಬಿನ ಕಲೆ, ಒಂದು ಕಣ್ಣು ಬೆಳ್ಳಗೆ. ಊರಿನ ಮಕ್ಕಳನ್ನೆಲ್ಲ ತಾನೇ ಕೈ ಹಿಡಿದು ದಾಕಿಗೆ ಎಳೆದು ತರುತ್ತಿದ್ದಳಂತೆ. ದಾಕಿನವರು ನೀರು ಕುಡಿಯುವುದಕ್ಕೂ ಮೊದಲು ಎಲ್ಲ ಹೇಳಿದರು. ಗಾಣದ ಅಜ್ಜ, ಶಾನುಭೋಗರ ಅತ್ತೆ, ಪೈಲ್ವಾನ, ಅರಕಲಗೂಡಿನ ಕಲ್ಲು, ನನ್ನ ಅವಳಿ ಕರು ಕೂಡ.

ಮುದುಕಿ ಕರಿಯನ ತಲೆಯ ಮೇಲೆ ಕೈಯಿಟ್ಟಳು. "ಒಂದೇ ವಾರ್ದಲ್ಲಿ ಮೂರ್ ಮಕ್ಳನ್ನ ಸಿಡುಬಿನ್ ದೇವಿ ತಗೊಂಡ್ಲು ಕಣಪ್ಪ. ನೆಂಟ್ರಿಲ್ಲ, ನೆರೆಯೋರಿಲ್ಲ, ಬಾಗ್ಲಲ್ಲಿ ನಾನೊಬ್ಳೇ ಕೂತಿದ್ದೆ. ಆವತ್ತು ಇಂತಾದೊಂದು ನಾಯಿ ಪಕ್ದಲ್ಲಿದ್ದಿದ್ರೆ..." ಎಂದು ನಿಲ್ಲಿಸಿ, "ಇರ್ಲಿ ಬುಡು," ಎಂದಳು.

ಕರಿಯ ಒಳಗೆ ಹೋಗಿ, ಮೂರು ಸುತ್ತು ಸುತ್ತಿ, ಗೋಡೆಗೆ ಮುಖ ಮಾಡಿ ಮಲಗಿದ. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಬಸ್ಸಿನಲ್ಲಿ ಅಳುತ್ತ ಬಂದೆ. ದಾಕಿನವರು ಅರಕಲಗೂಡಿನ ಸುಳ್ಳಿನ ಮಾತನ್ನು ಆವತ್ತೂ ಎತ್ತಲಿಲ್ಲ, ಆಮೇಲೂ ಎತ್ತಲಿಲ್ಲ.

ಅಕ್ಕ ಸುಖವಾಗಿ ಹೆತ್ತಳು. ಮಗುವಿನ ತೋಳಿನ ಮೇಲೆ ದಾಕಿನವರು ನಾಲ್ಕು ಕಲೆ ಹಾಕಿದರು.

ಹೋದ ತಿಂಗಳು ಒಂದು ಸಂಜೆ ಕರಿಯ ಬಂದ. ಅಷ್ಟು ದೂರದಿಂದ, ಕಾಲು ಒಡೆದುಕೊಂಡು. ನಾನು "ಕರಿಯಾ!" ಎಂದು ಓಡಿದೆ. ಅವನು ನನ್ನನ್ನು ದಾಟಿ ಹೋಗಿ ದಾಕಿನವರ ಬಾಗಿಲಲ್ಲಿ ಕೂತ. ಮುಖ ಬೀದಿಗೆ. ದಾಕಿನವರು ಆಗಷ್ಟೇ ಮುದ್ದೆ ತಿಂದು, ಗಟ್ಟಿಮುಟ್ಟಾಗಿ, ಸೈಕಲ್ಲಿಗೆ ಎಣ್ಣೆ ಬಿಡುತ್ತಿದ್ದರು. ನೋಡಿ ನಕ್ಕರು. "ಬಂದ್ಯೇನ್ಲಾ? ಸರಿ," ಎಂದು ಎಣ್ಣೆ ಕೈ ಒರೆಸಿಕೊಂಡರು. ಆ ರಾತ್ರಿಯೇ ಜ್ವರ. ಅಂಗಡಿಯವರು ಮತ್ತೆ ಪಾಷಾಣದ ಮುದ್ದೆ ಹಿಡಿದು ಬಂದಾಗ, ಕಾವಲಿನ ಮಾತನ್ನು ನನ್ನಿಂದ ಕೇಳಿದ್ದ ಅಪ್ಪಯ್ಯನೇ ಈ ಸಲ ಅಡ್ಡ ನಿಂತರು.

ಮೂರನೇ ದಿನ, ಬಿಸಿಲೇರಿದ ಮೇಲೆ, ಗಂಜಿ ತೆಗೆದುಕೊಂಡು ಹೋದೆ. ಕರಿಯ ಗುರುಗುಟ್ಟತೊಡಗಿದ್ದ. ಅವನ ಕಣ್ಣು ಬೀದಿಯ ತುದಿಯಿಂದ ನಿಧಾನವಾಗಿ ಈಚೆಗೆ ಸರಿಯುತ್ತಿತ್ತು. ನಾನು ಹೆದರಿ ಒಳಗೆ ನುಗ್ಗಿ ಬಾಗಿಲು ಹಾಕಹೋದೆ.

"ಆಕ್ಬ್ಯಾಡ ಕಣವ್ವ," ಎಂದರು ಚಾಪೆಯ ಮೇಲಿಂದ. "ಮುಚ್ಚಿದ್ ಬಾಗ್ಲುಗಳ್ನ ಬೇಕಾದಷ್ಟ್ ನೋಡಿವ್ನಿ. ನನ್ ಬಾಗ್ಲು ಯಾರ್ಗೂ ಮುಚ್ಚದು ಬ್ಯಾಡ." ಆಮೇಲೆ, ಮೆಲ್ಲಗೆ: "ಸಾಕು ಬುಡ್ಲಾ, ಕರಿಯಾ."

ಕರಿಯ ತಿರುಗಿ ಅವರನ್ನು ನೋಡಿದ. ಎದ್ದ. ಬಾಲ ತಗ್ಗಿಸಿ, ಒಂದು ಹೆಜ್ಜೆ ಪಕ್ಕಕ್ಕೆ ಸರಿದು, ಯಾರಿಗೋ ದಾರಿ ಬಿಟ್ಟ. ಬೀದಿಯಲ್ಲಿ ಒಂದು ಹುಳುವೂ ಇರಲಿಲ್ಲ. ಗಾಳಿಯಿಲ್ಲದೆ ನನ್ನ ಲಂಗದ ಅಂಚು ಅಲುಗಿತು. ಇದರಲ್ಲಿ ಒಂದಕ್ಷರವನ್ನೂ ನಾನು ಸೇರಿಸಿಲ್ಲ.

ದಾಕಿನವರನ್ನು ಮಣ್ಣು ಮಾಡಿ ಬರುವ ಹೊತ್ತಿಗೆ ಕರಿಯ ಇರಲಿಲ್ಲ. ಮಲ್ಲಿಪಟ್ಟಣದ ಮನೆಗೆ ವಾಪಸು ಸೇರಿದ ಸುದ್ದಿಯನ್ನು ಬಸ್ಸಿನ ಕಂಡಕ್ಟರ್ ತಂದುಕೊಟ್ಟ.

ಈಗ ನಮ್ಮ ಬಾಗಿಲು ಯಾರು ತಟ್ಟಿದರೂ ಓಡಿ ಅಗುಳಿ ತೆಗೆಯುವುದು ನಾನೇ. ಕೆಲವು ಸಲ ತೆಗೆದರೆ ಹೊರಗೆ ಯಾರೂ ಇರುವುದಿಲ್ಲ. ಆಗಲೂ ಜಗಲಿಯ ಮೇಲೆ ಒಂದು ಚೊಂಬು ನೀರು ಇಟ್ಟು ಬರುತ್ತೇನೆ.